ಮೈಗೆ ಒಂದು ಗಂಟು, ಮನಸ್ಸಿಗೆ ನೂರು ಗಂಟು



ಸಂಘದ ಪತ್ರಿಕೆಯ ಈ ಪುಟದಲ್ಲಿ ಸಾಮಾನ್ಯವಾಗಿ ಪಗಾರ, ಬೋನಸು, ರಜೆ, ಓವರ್‌ಟೈಮು ಇವುಗಳ ಮಾತೇ ಬರುತ್ತದೆ. ಈ ಸಲ ಬೇರೊಂದು ಮಾತನ್ನು ಎತ್ತಿಕೊಂಡಿದ್ದೇವೆ. ಸಂಘದ ಕಚೇರಿಗೆ ಬರುವವರೆಲ್ಲ ಪಗಾರದ ತಕರಾರನ್ನೇ ತರುವುದಿಲ್ಲ. ಬಾಗಿಲು ಅರ್ಧ ಮುಚ್ಚಿ, ಅಂಗಿ ಸರಿಸಿ, "ಅಣ್ಣಾ, ಇಲ್ಲಿ ಮುಟ್ಟಿ ನೋಡು, ಇದೇನಿರಬಹುದು?" ಎಂದು ಕೇಳುವವರೂ ಬರುತ್ತಾರೆ. ಒಬ್ಬನಿಗೆ ಕಂಕುಳಲ್ಲಿ ಗಂಟು, ಇನ್ನೊಬ್ಬನಿಗೆ ಎದೆಯಲ್ಲಿ ಚುಚ್ಚು, ಮತ್ತೊಬ್ಬನಿಗೆ ಕಾಲಿನಲ್ಲಿ ಜೋಮು. ಕೇಳುವಾಗ ನಗುತ್ತಾರೆ. ಆದರೆ ಅವರ ಕಣ್ಣು ನೋಡಿದರೆ ವಾರಗಟ್ಟಲೆ ನಿದ್ದೆಯಿಲ್ಲದ ಸಂಗತಿ ತಿಳಿಯುತ್ತದೆ. ಈ ಭಯದ ವಿಷಯವಾಗಿಯೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

2025ರ ಜನವರಿಯನ್ನು ಪುಣೆಯಲ್ಲಿರುವ ಯಾರೂ ಮರೆತಿರಲಾರರು. ಸಿಂಹಗಡ ರಸ್ತೆಯ ಕಡೆ, ನಾಂದೇಡ ಗಾಂವ, ಕಿರ್ಕಟ್‌ವಾಡಿ, ಧಾಯರಿ, ಖಡಕ್‌ವಾಸ್ಲಾ ಭಾಗಗಳಲ್ಲಿ ಜನರು ಇದ್ದಕ್ಕಿದ್ದ ಹಾಗೆ ಕಾಲಿನ ಶಕ್ತಿ ಕಳೆದುಕೊಂಡು ದವಾಖಾನೆ ಸೇರಿದರು. ಪತ್ರಿಕೆಗಳು ಜಿಬಿಎಸ್ ಎಂದು ಕರೆದ ಆ ಬೇನೆ ಹೊಸದಲ್ಲ. 1916ರಲ್ಲೇ ಫ್ರಾನ್ಸ್ ದೇಶದ ವೈದ್ಯರು ಅದನ್ನು ವರ್ಣಿಸಿದ್ದರು. ಹೊಟ್ಟೆ ಕೆಟ್ಟಾಗ ಆ ಕ್ರಿಮಿಯ ಮೇಲೆ ಏಳುವ ನಮ್ಮ ಮೈಯ ರಕ್ಷಣಾ ಶಕ್ತಿಯೇ ಕೆಲವು ವೇಳೆ ತಪ್ಪಿ ನಮ್ಮ ನರಗಳ ಮೇಲೆ ಬೀಳುತ್ತದೆ. ಆಗ ಜೋಮು ಹಿಡಿಯುತ್ತದೆ, ಕಾಲು ಸೋಲುತ್ತದೆ, ಸೋಲು ಮೇಲಕ್ಕೆ ಏರುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ಹಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಕ್ರಿಮಿ ಕಂಡುಬಂತು. ಎಲ್ಲರ ಕಣ್ಣೂ ಕುಡಿಯುವ ನೀರಿನ ಮೇಲೆ ಬಿತ್ತು. ಫೆಬ್ರವರಿ ಮುಗಿಯುವ ಹೊತ್ತಿಗೆ ರೋಗಿಗಳ ಸಂಖ್ಯೆ 200 ದಾಟಿತು. ಕೆಲವರು ಸತ್ತರು, ಹೆಚ್ಚಿನವರು ಗುಣ ಹೊಂದಿದರು.

ಆ ದಿನಗಳಲ್ಲಿ ನಮ್ಮ ಖೋಲಿಗಳಲ್ಲಿ ಏನಾಯಿತು? ಹತ್ತು ಜನ ಮಲಗುವ ಕಡೆ ರಾತ್ರಿ ಹನ್ನೆರಡಕ್ಕೆ ದೀಪ ಆರಿದ ಮೇಲೆ ಒಂದು ಮೂಲೆಯಿಂದ ದನಿ ಏಳುತ್ತಿತ್ತು: "ನಿನ್ನ ಕಾಲು ಜೋಮು ಹಿಡಿದಿದೆಯೇನೋ?" ಎಲ್ಲರೂ ತಮ್ಮ ತಮ್ಮ ಕಾಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಜೋಮು ಇದ್ದೇ ಇರುತ್ತಿತ್ತು! ಹನ್ನೆರಡು ತಾಸು ನಿಂತು ದುಡಿದ ಕಾಲು ಜೋಮು ಹಿಡಿಯದೆ ಇನ್ನೇನಾದೀತು? ಮಧ್ಯರಾತ್ರಿ ಎದ್ದು ಗೋಡೆ ಹಿಡಿಯದೆ ಕುಳಿತೆದ್ದು ನೋಡಿದವರನ್ನು ನಾವು ಬಲ್ಲೆವು. ಊರಿಗೆ ಹೊರಟು ನಿಂತು ಬಸ್ಸಿನ ಟಿಕೀಟು ತೆಗೆಸಿದವರನ್ನೂ ಬಲ್ಲೆವು.

2011ರ ಜನಗಣತಿಯಲ್ಲೇ ಈ ನಗರದ ಜನಸಂಖ್ಯೆ 31 ಲಕ್ಷ ದಾಟಿತ್ತು. ಆ ಲಕ್ಷಗಳ ಮುಂದೆ 200 ಎಷ್ಟು ಎಂದು ಲೆಕ್ಕ ಹೇಳಿದರೆ ಯಾರ ಭಯವೂ ಇಳಿಯಲಿಲ್ಲ. ಭಯಕ್ಕೆ ಲೆಕ್ಕ ಬರುವುದಿಲ್ಲ. ಇಷ್ಟೇ ಅಲ್ಲ, ಭಯವೇ ಒಂದು ಮೋಸ ಮಾಡುತ್ತದೆ. ಹೆದರಿದವನು ತನಗರಿವಿಲ್ಲದೆ ಬೇಗ ಬೇಗ ಉಸಿರು ಬಿಡುತ್ತಾನೆ. ಹಾಗೆ ಉಸಿರಾಡಿದರೆ ರಕ್ತದಲ್ಲಿರಬೇಕಾದ ಇಂಗಾಲದ ಅನಿಲ ಕಡಿಮೆಯಾಗಿ ಬೆರಳ ತುದಿ, ತುಟಿಯ ಸುತ್ತ, ಪಾದ ಚುರುಚುರು ಎನ್ನುತ್ತವೆ. ಎದೆ ಬಡಿಯುತ್ತದೆ, ತಲೆ ತಿರುಗುತ್ತದೆ. ಜೋಮಿಗೆ ಹೆದರಿದವನಿಗೆ ಹೆದರಿಕೆಯೇ ಜೋಮು ತರುತ್ತದೆ. ಅವನು ಅದನ್ನು ಕಂಡು ಇನ್ನಷ್ಟು ಹೆದರುತ್ತಾನೆ. ಇದು ಎತ್ತಿನ ಗಾಣದ ಸುತ್ತು. ಹೊರಗಿನಿಂದ ಒಬ್ಬರು ಕೈ ಹಿಡಿದು ನಿಲ್ಲಿಸುವ ತನಕ ನಿಲ್ಲುವುದಿಲ್ಲ.

ಇದನ್ನು ಬರೆಯುವವನಿಗೆ ಈ ಗಾಣದ ಪರಿಚಯ ಚೆನ್ನಾಗಿದೆ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ. ಕುಂದಾಪುರದ ಕಡೆಯಿಂದ ಏಳನೆಯ ತರಗತಿ ಮುಗಿಸಿ, ಒಂದೆರಡು ವರ್ಷ ಗದ್ದೆ ಕೆಲಸ ಮಾಡಿ, ಆಮೇಲೆ ಈ ಊರಿಗೆ ಬಂದು ಹೋಟೆಲು ಸೇರಿದವನು ನಾನು. ಮೊದಲು ಕ್ಲೀನರು, ಆಮೇಲೆ ಸಪ್ಲಾಯರು, ಆಮೇಲೆ ದೋಸೆ ಕಲ್ಲಿನ ಮುಂದೆ. 2016ರ ಒಂದು ಬೆಳಿಗ್ಗೆ ಗಡ್ಡ ತೆಗೆಯುವಾಗ ಗಲ್ಲದ ಕೆಳಗೆ, ಎಡಗಡೆ, ಕಡಲೆಕಾಳಿಗಿಂತ ದೊಡ್ಡದಾದ ಒಂದು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ನಮ್ಮೂರಲ್ಲಿ ಕೊರಳಿನ ಗಂಟಿನಿಂದ ಸತ್ತ ಒಬ್ಬರು ಹಿರಿಯರ ನೆನಪು ಬಂತು. ಅಂದಿನಿಂದ ನನಗೆ ದೋಸೆಯೂ ಕಾಣಲಿಲ್ಲ, ಗಿರಾಕಿಯೂ ಕಾಣಲಿಲ್ಲ.

ಬೆಳಿಗ್ಗೆ ಒತ್ತಿ ನೋಡುವುದು, ಮಧ್ಯಾಹ್ನ ಪಾಯಖಾನೆಗೆ ಹೋಗಿ ಒತ್ತಿ ನೋಡುವುದು, ರಾತ್ರಿ ಮುಸುಕಿನೊಳಗೆ ಒತ್ತಿ ನೋಡುವುದು. ದಿನಕ್ಕೆ ಐವತ್ತು ಸಲ ಒತ್ತಿದರೆ ಯಾವ ಮಾಂಸ ತಾನೇ ಊದದೆ ಇದ್ದೀತು? ಊದಿತು, ನೋಯಿತು. "ನೋಡು, ಬೆಳೆಯುತ್ತಿದೆ" ಎಂದು ಮನಸ್ಸು ಹೇಳಿತು. ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಅದು ನನ್ನನ್ನು ಮೊದಲ ಪುಟದಲ್ಲೇ ಸ್ಮಶಾನಕ್ಕೆ ಕಳಿಸಿತು. ಮನೆಗೆ ಕಳಿಸುವ ಹಣದಲ್ಲಿ ಹಿಡಿದು, ಸತ್ತರೆ ಸಾಲ ಉಳಿಯಬಾರದೆಂದು ಸಾಲ ತೀರಿಸಿದೆ. ಒಬ್ಬ ಡಾಕ್ಟರರ ಬಳಿ ಹೋದೆ. ಅವರು ಮುಟ್ಟಿಯೂ ನೋಡದೆ ಗುಳಿಗೆ ಬರೆದುಕೊಟ್ಟರು. ಮುಟ್ಟಲಿಲ್ಲವೆಂದರೆ ದೊಡ್ಡ ರೋಗವೇ ಇರಬೇಕೆಂದು ತಿಳಿದೆ. ಇನ್ನೊಬ್ಬರು "ಏನಿಲ್ಲ ಹೋಗು" ಎಂದರು. ಏನಿಲ್ಲವೆಂದರೆ ನನ್ನಿಂದ ಮುಚ್ಚಿಡುತ್ತಿದ್ದಾರೆಂದು ತಿಳಿದೆ. ಹೀಗೆ ನಾಲ್ಕು ತಿಂಗಳು ಹೋಯಿತು. ಎಂಟು ಕಿಲೋ ಇಳಿದೆ. ಇಳಿದದ್ದು ಊಟ ಬಿಟ್ಟಿದ್ದರಿಂದ. ಆದರೆ ಅದೂ ಗಂಟಿನ ಲೆಕ್ಕಕ್ಕೇ ಹೋಯಿತು.

ಕೊನೆಗೆ ನಮ್ಮ ಅಡಿಗೆಯ ಭಟ್ಟರು ಒಂದು ದಿನ ಕೈ ಹಿಡಿದು ಸರಕಾರಿ ದವಾಖಾನೆಗೆ ಎಳೆದುಕೊಂಡು ಹೋದರು. ಅಲ್ಲಿನ ಒಬ್ಬ ತರುಣ ವೈದ್ಯೆ ಗಂಟನ್ನು ಮುಟ್ಟಿ ನೋಡಿ, "ಬಾಯಿ ತೆಗೆ" ಎಂದಳು. ಕೆಳದವಡೆಯ ಒಂದು ಹಲ್ಲು ಒಳಗೊಳಗೇ ಕೊಳೆತಿತ್ತು. ಹತ್ತು ವರ್ಷ ಸಕ್ಕರೆ ಚಹಾ ಕುಡಿದು ದುಡಿದ ಫಲ. ಹಲ್ಲಿನ ಕೀವಿನ ಜೊತೆ ಹೋರಾಡಲು ಹತ್ತಿರದ ಗ್ರಂಥಿ ಊದಿಕೊಂಡಿತ್ತು. ಹಲ್ಲು ಕೀಳಿಸಿದ ಮೇಲೆ ಕೆಲವು ವಾರಗಳಲ್ಲಿ ಗಂಟು ಇಳಿಯಿತು. ಗಂಟು ನನ್ನ ವೈರಿಯಾಗಿರಲಿಲ್ಲ, ನನ್ನ ಪರವಾಗಿ ನಿಂತ ಕಾವಲುಗಾರನಾಗಿತ್ತು. ನಾನು ಕಾವಲುಗಾರನನ್ನೇ ಕಳ್ಳನೆಂದು ನಾಲ್ಕು ತಿಂಗಳು ಹೊಡೆದಿದ್ದೆ.

ಇದನ್ನು ಓದಿ, "ಹಾಗಾದರೆ ಎಲ್ಲ ಗಂಟೂ ಹಲ್ಲಿನ ಗಂಟೇ, ಎಲ್ಲ ಜೋಮೂ ನಿಂತ ಜೋಮೇ" ಎಂದು ಯಾರೂ ತಿಳಿಯಕೂಡದು. ಇನ್ನೊಬ್ಬನ ಕಥೆಯನ್ನೂ ಕೇಳಿ.

ನನ್ನ ಖೋಲಿಯಲ್ಲೇ ಇದ್ದ ಒಬ್ಬ ಗೆಳೆಯನಿಗೆ ಕೆಮ್ಮು ಹಿಡಿಯಿತು. ಎರಡು ವಾರ, ನಾಲ್ಕು ವಾರ, ಎರಡು ತಿಂಗಳು. ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು. ಕೇಳಿದರೆ "ಮೆಣಸಿನ ಒಗ್ಗರಣೆ ಹೊಗೆ" ಎನ್ನುತ್ತಿದ್ದ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹೋಗಲಿಲ್ಲ. ಹೋದರೆ ಹೆಸರು ಹೇಳಿಬಿಡುತ್ತಾರೆ, ಹೆಸರು ತಿಳಿದರೆ ಮಾಲಿಕರು ಲೆಕ್ಕ ಚುಕ್ತಾ ಮಾಡುತ್ತಾರೆ. ಒಂದು ದಿನ ಕಫದಲ್ಲಿ ರಕ್ತ ಬಂದು ಬಿದ್ದ. ಕ್ಷಯ. ಆರು ತಿಂಗಳು ತಪ್ಪದೆ ಗುಳಿಗೆ ತಿಂದು ಗುಣವಾದ, ಇಂದು ಎರಡು ಮಕ್ಕಳ ತಂದೆ. ಆದರೆ ಅವನು ಮೂರನೆಯ ವಾರದಲ್ಲೇ ಹೋಗಿದ್ದರೆ, ಅದೇ ಖೋಲಿಯ ಇನ್ನೊಬ್ಬ ಹುಡುಗನಿಗೆ ಆ ಕಾಯಿಲೆ ಅಂಟುವುದು ತಪ್ಪುತ್ತಿತ್ತೋ ಏನೋ.

ನನಗೆ ದೊಡ್ಡ ರೋಗವಿರಲಿಲ್ಲ, ನಾನು ದಿನಕ್ಕೆ ಐವತ್ತು ಸಲ ನೋಡಿಕೊಂಡೆ. ಅವನಿಗೆ ರೋಗವಿತ್ತು, ಅವನು ಒಂದು ಸಲವೂ ನೋಡಿಕೊಳ್ಳಲಿಲ್ಲ. ಎರಡೂ ಒಂದೇ ಭಯದ ಎರಡು ಮುಖ. ಮೈಯಲ್ಲಿ ಕಾಣುವ ಚಿಹ್ನೆ ಗಿರಾಕಿ ಬಾರಿಸುವ ಗಂಟೆಯಿದ್ದ ಹಾಗೆ. ಯಾರೋ ಕರೆದರು ಎಂಬುದಷ್ಟೇ ಅದರಿಂದ ತಿಳಿಯುವುದು. ಏನು ಬೇಕೆಂಬುದು ಟೇಬಲ್ಲಿನ ಹತ್ತಿರ ಹೋಗಿ ಕೇಳಿದಾಗಲೇ ತಿಳಿಯುತ್ತದೆ. ಅಡಿಗೆಮನೆಯಲ್ಲೇ ನಿಂತು ಬಿಲ್ಲು ಬರೆಯುವ ಮಾಣಿಯೂ ಕೆಲಸಕ್ಕೆ ಬಾರದವನು, ಗಂಟೆ ಕೇಳಿಸದ ಹಾಗೆ ಕಿವಿ ಮುಚ್ಚಿಕೊಳ್ಳುವ ಮಾಣಿಯೂ ಕೆಲಸಕ್ಕೆ ಬಾರದವನು.

ಇನ್ನು ಗಿರಣಿಯ ಬಂಧುಗಳ ಮಾತು. ಹತ್ತಿಯ ಧೂಳಿನಲ್ಲಿ ದುಡಿಯುವವರಿಗೆ ವಾರದ ರಜೆ ಮುಗಿದು ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದುಂಟು. ವೈದ್ಯರು ಅದನ್ನು ಬಿಸಿನೋಸಿಸ್ ಎನ್ನುತ್ತಾರೆ. ಮೊದಮೊದಲು ಸೋಮವಾರ ಮಾತ್ರ ಬಿಗಿಯುತ್ತದೆ, ವರ್ಷಗಳು ಕಳೆದಂತೆ ವಾರವೆಲ್ಲ ಬಿಗಿಯುತ್ತದೆ. ಮೊದಲ ಹಂತದಲ್ಲಿ ಧೂಳಿನಿಂದ ದೂರ ಸರಿದರೆ ಶ್ವಾಸಕೋಶ ಚೇತರಿಸುತ್ತದೆ, ಕೊನೆಯ ಹಂತದಲ್ಲಿ ಚೇತರಿಸುವುದಿಲ್ಲ. ಇದು ಕಾಯಿದೆ ಒಪ್ಪಿದ ಔದ್ಯೋಗಿಕ ರೋಗ. ಇದನ್ನು ಬೀಡಿಯ ಕೆಮ್ಮೆಂದು ನಕ್ಕು ಬಿಡುವವನು ತನ್ನ ಪರಿಹಾರದ ಹಕ್ಕನ್ನೂ ನಕ್ಕು ಬಿಟ್ಟಂತೆ.

ನಮ್ಮ ಭಯದ ಅರ್ಧ ಭಾಗ ರೋಗದ್ದಲ್ಲ, ಕೆಲಸದ್ದು. ಸಿರಿವಂತನು ಸಾವಿಗೆ ಮಾತ್ರ ಹೆದರುತ್ತಾನೆ. ನಾವು ಸಾವಿಗೂ ಹೆದರಬೇಕು, ದವಾಖಾನೆಯ ಸಾಲಿನಲ್ಲಿ ನಿಂತು ಕಳೆಯುವ ಒಂದು ದಿನದ ಪಗಾರಕ್ಕೂ ಹೆದರಬೇಕು, ಊರಿಗೆ ಬರಿಗೈಯಲ್ಲಿ ಹೋಗುವುದಕ್ಕೂ ಹೆದರಬೇಕು. ಇದಕ್ಕೆ "ಧೈರ್ಯವಾಗಿರು" ಎಂಬ ಬುದ್ಧಿಮಾತು ಸಾಲದು.

ಈ ಊರು ಈ ಪಾಠವನ್ನು ಹಿಂದೆಯೇ ಕಲಿತಿದೆ. 1897ರ ಪ್ಲೇಗಿನ ಕಾಲದಲ್ಲಿ ಸರಕಾರವು ಸೋಲ್ಜರುಗಳನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿತು. ಪರಿಣಾಮವೇನಾಯಿತು? ಜನರು ರೋಗಿಗಳನ್ನು ಅಡಗಿಸಿಟ್ಟರು. ಅದೇ ಊರಿನಲ್ಲಿ, ಅದೇ ವರ್ಷ, ಸಾವಿತ್ರೀಬಾಯಿ ಫುಲೆಯವರು ಪ್ಲೇಗು ತಗುಲಿದ ಮಗುವೊಂದನ್ನು ಹೊತ್ತು ದವಾಖಾನೆಗೆ ತಂದು, ತಾವೂ ಅದೇ ರೋಗದಿಂದ ಮಾರ್ಚ್ 10ರಂದು ತೀರಿಕೊಂಡರು. ಹೇಳಿಕೊಂಡವನಿಗೆ ಶಿಕ್ಷೆ ಕಾದಿರುವಲ್ಲಿ ಯಾರೂ ಹೇಳುವುದಿಲ್ಲ. ಹೊತ್ತು ತರುವವರಿರುವಲ್ಲಿ ಹೇಳುತ್ತಾರೆ. ಕೆಮ್ಮುವ ಹುಡುಗನನ್ನು ಅದೇ ರಾತ್ರಿ ಊರಿನ ಬಸ್ಸು ಹತ್ತಿಸುವ ಮಾಲಿಕರು ಇದನ್ನು ಯೋಚಿಸಲಿ. ಅವರು ಒಬ್ಬ ರೋಗಿಯನ್ನು ಕಳಿಸಿ, ಬಾಯಿ ಮುಚ್ಚಿದ ಹತ್ತು ಜನರನ್ನು ಅಡಿಗೆಮನೆಯಲ್ಲಿ ಉಳಿಸಿಕೊಳ್ಳುತ್ತಾರೆ.

ಹಕ್ಕಿನ ವಿಷಯ ತಿಳಿದುಕೊಳ್ಳಿ. 1948ರ ಕಾಯಿದೆಯಿಂದ ಹುಟ್ಟಿ 1952ರಲ್ಲಿ ಜಾರಿಗೆ ಬಂದ ಇ.ಎಸ್.ಐ. ಯೋಜನೆ ಗಿರಣಿಗಷ್ಟೇ ಅಲ್ಲ, ಹತ್ತು ಜನ ದುಡಿಯುವ ಹೋಟೆಲಿಗೂ ಅನ್ವಯಿಸುತ್ತದೆ. ಪಗಾರದ ಮಿತಿ 2017ರಲ್ಲಿ 21,000 ರೂಪಾಯಿಗೆ ಏರಿತು. 2019ರ ಜುಲೈಯಿಂದ ನಮ್ಮ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕರದು ಮೂರೂಕಾಲು ರೂಪಾಯಿ. 15,000 ಪಗಾರದವನಿಗೆ ತಿಂಗಳಿಗೆ 112 ರೂಪಾಯಿ 50 ಪೈಸೆ ಹೋಗುತ್ತದೆ, ಮಾಲಿಕರಿಂದ 487 ರೂಪಾಯಿ 50 ಪೈಸೆ ಬರುತ್ತದೆ. ಅದಕ್ಕೆ ಪ್ರತಿಯಾಗಿ ನಮಗೂ ಮನೆಯವರಿಗೂ ಚಿಕಿತ್ಸೆ ಇದೆ. ನಿಯಮದಂತೆ ಚಂದಾ ಕಟ್ಟಿದವನಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದ ತನಕ ಪಗಾರದ ನೂರಕ್ಕೆ 70 ಪಾಲು ಸಿಗುತ್ತದೆ. ಸಾಕಷ್ಟು ಕಾಲ ಚಂದಾ ಕಟ್ಟಿದವನಿಗೆ ಕ್ಷಯದಂಥ ದೀರ್ಘ ರೋಗ ಬಂದರೆ ನೂರಕ್ಕೆ 80 ಪಾಲು, ಎರಡು ವರ್ಷದ ತನಕ. ಬಿಬವೇವಾಡಿಯಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ಕಾರ್ಡಿಲ್ಲದವರಿಗೆ ಸ್ಟೇಷನ್ ಹತ್ತಿರ ಸಸೂನ್ ಇದೆ, ನಗರಪಾಲಿಕೆಯ ಕಮಲಾ ನೆಹರೂ ದವಾಖಾನೆ ಇದೆ. ನಿಮ್ಮ ಹೆಸರು ಇ.ಎಸ್.ಐ. ಪಟ್ಟಿಯಲ್ಲಿ ಇಲ್ಲವೆಂದಾದರೆ, ಅದು ನಿಮ್ಮ ಹಣೆಬರಹವಲ್ಲ, ಅದು ಸಂಘಕ್ಕೆ ತಂದು ಕೊಡಬೇಕಾದ ತಕರಾರು.

ಕ್ಷಯದ ಪರೀಕ್ಷೆ ಮತ್ತು ಔಷಧ ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆ. ಔಷಧ ತಿನ್ನುವ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000 ಮಾಡಿದ್ದಾರೆ. ಖೋಲಿಯಲ್ಲಿ ಜಾಗವಿಲ್ಲ, ಎಲ್ಲಿ ಮಲಗಿ ಗುಣವಾಗಲಿ ಎಂಬ ಚಿಂತೆಗೂ ಉತ್ತರವಿದೆ. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಪ್ರಸಿದ್ಧ ಪರೀಕ್ಷೆಯಲ್ಲಿ, ಇಕ್ಕಟ್ಟಿನ ಬಡ ಮನೆಗಳಲ್ಲಿದ್ದುಕೊಂಡು ತಪ್ಪದೆ ಔಷಧ ತಿಂದವರು, ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾದರೆಂದು ತಿಳಿದುಬಂತು. ಗುಣಪಡಿಸಿದ್ದು ಮಂಚವಲ್ಲ, ತಪ್ಪದೆ ನುಂಗಿದ ಔಷಧ.

ಇಷ್ಟು ಹೇಳಿದ ಮೇಲೆ, ಮೈಯಲ್ಲಿ ಏನಾದರೂ ಕಂಡಾಗ ಮಾಡತಕ್ಕದ್ದೇನು ಎಂಬುದನ್ನು ಕ್ರಮವಾಗಿ ಹೇಳುತ್ತೇವೆ.

ಒಂದನೆಯದು, ಕಾಯಬಾರದ ಚಿಹ್ನೆಗಳನ್ನು ತಿಳಿದಿರಿ. ಎರಡೂ ಕಾಲು ಸೋತು ಮೆಟ್ಟಿಲು ಹತ್ತಲಾಗದಿರುವುದು, ಮುಖ ಅಥವಾ ಒಂದು ಕೈ ಇದ್ದಕ್ಕಿದ್ದಂತೆ ಜೋತುಬೀಳುವುದು, ಎದೆ ಒತ್ತಿ ಬೆವರುವುದು, ಉಸಿರು ಕಟ್ಟುವುದು, ರಕ್ತ ಕಾರುವುದು, ಇವು ಕಂಡರೆ ಪಾಳಿ ಮುಗಿಯಲೆಂದು ಕಾಯದೆ ಆಗಲೇ ಹೊರಡಬೇಕು. 108 ಸಂಖ್ಯೆಗೆ ಫೋನು ಮಾಡಿದರೆ ಆಂಬುಲೆನ್ಸು ಬರುತ್ತದೆ.

ಎರಡನೆಯದು, ಉಳಿದವಕ್ಕೆ ಒಂದು ದಿನ ಗೊತ್ತುಮಾಡಿ. ಎರಡು ವಾರ ದಾಟಿದ ಕೆಮ್ಮು, ಎರಡು ಮೂರು ವಾರವಾದರೂ ಇಳಿಯದ ಗಂಟು, ತಂಬಾಕು ಗುಟಕಾ ಜಗಿಯುವವರ ಬಾಯಲ್ಲಿ ಮಾಯದ ಹುಣ್ಣು, ಕಾರಣವಿಲ್ಲದೆ ಇಳಿಯುವ ತೂಕ, ಮಲದಲ್ಲಿ ರಕ್ತ, ಇವನ್ನು ತೋರಿಸಲೇಬೇಕು. ಕಂಡ ದಿನದ ತಾರೀಖು ಬರೆದಿಡಿ, ವಾರದ ರಜೆಯ ದಿನ ಹೋಗಿ. ಅಲ್ಲಿಯ ತನಕ ಮುಟ್ಟಿ ಮುಟ್ಟಿ ನೋಡಬೇಡಿ. ಒತ್ತಿದರೆ ಉತ್ತರ ಬರುವುದಿಲ್ಲ, ಊತ ಬರುತ್ತದೆ.

ಮೂರನೆಯದು, ಒಬ್ಬರಿಗೆ ಹೇಳಿ. ಇಡೀ ಖೋಲಿಗೆ ಬೇಡ, ಮೊಬೈಲಿಗೂ ಬೇಡ. ನಂಬಿಕೆಯ ಒಬ್ಬರಿಗೆ ಹೇಳಿ, ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಹೆದರಿದವನ ಕಿವಿಗೆ ಡಾಕ್ಟರರ ಅರ್ಧ ಮಾತು ಬೀಳುವುದಿಲ್ಲ.

ನಾಲ್ಕನೆಯದು, ಡಾಕ್ಟರರಲ್ಲಿ ಮೂರು ಪ್ರಶ್ನೆ ಕೇಳಿ: ಇದೇನು? ಏನಾದರೆ ಮತ್ತೆ ಬರಬೇಕು? ಯಾವಾಗ ಬರಬೇಕು? ಉತ್ತರವನ್ನು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳಿ. ರಾತ್ರಿ ಮನಸ್ಸು ಕೆಣಕಿದಾಗ ಆ ಚೀಟಿ ಓದಿ. ಒಬ್ಬರು ಸರಿಯಾಗಿ ಪರೀಕ್ಷಿಸಿ ಹೇಳಿದ ಮೇಲೆ, ಹೊಸ ಚಿಹ್ನೆ ಏನೂ ಇಲ್ಲದೆ ಐದು ಬಾಗಿಲು ತಿರುಗಬೇಡಿ. ಐದನೆಯ ಡಾಕ್ಟರೂ ಮನಸ್ಸಿಗೆ ಒಂದು ದಿನದ ಸಮಾಧಾನವನ್ನಷ್ಟೇ ಕೊಟ್ಟಾರು, ಪಗಾರ ಮಾತ್ರ ಪೂರ್ತಿ ಹೋದೀತು.

ಐದನೆಯದು, ರೋಗವಿಲ್ಲವೆಂದು ತಿಳಿದ ಮೇಲೂ ಭಯ ಬಿಡದಿದ್ದರೆ, ಆ ಭಯವೇ ಔಷಧ ಬೇಕಾದ ಬೇನೆ. ಅದರಲ್ಲಿ ನಾಚಿಕೆಯಿಲ್ಲ, ಅದು ಹುಚ್ಚೂ ಅಲ್ಲ. 2022ರ ಅಕ್ಟೋಬರಿನಲ್ಲಿ ಸರಕಾರವು ಟೆಲಿ ಮಾನಸ್ ಎಂಬ ಸೇವೆಯನ್ನು ಆರಂಭಿಸಿತು. ಸಂಖ್ಯೆ 14416. ಹಣವಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಭಯವನ್ನು ಬಾಟಲಿಯಲ್ಲಿ ಮುಳುಗಿಸ ಹೊರಟವರು ತಾವೇ ಮುಳುಗಿದ್ದನ್ನು ನಾವೆಲ್ಲ ನೋಡಿದ್ದೇವೆ. ಕೊಲ್ಲೂರಿಗೋ ಧರ್ಮಸ್ಥಳಕ್ಕೋ ಹರಕೆ ಹೊರುವವರು ಹೊರಲಿ, ಆದರೆ ಹರಕೆಯ ಕಾಣಿಕೆಯ ಜೊತೆ ದವಾಖಾನೆಯ ಚೀಟಿಯೂ ಕಿಸೆಯಲ್ಲಿರಲಿ.

ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಒಬ್ಬನೇ ಹೊತ್ತ ಚಿಂತೆ ಬೇಗ ಸುಡುತ್ತದೆ. ನನ್ನನ್ನು ಉಳಿಸಿದ್ದು ವೈದ್ಯೆಯ ಜಾಣತನ ಅರ್ಧ, ಕೈ ಹಿಡಿದು ಎಳೆದೊಯ್ದ ಭಟ್ಟರು ಅರ್ಧ. ಆ ಭಟ್ಟರಿಗೆ ಅಂದು ಅರ್ಧ ದಿನದ ಪಗಾರ ಕಡಿತವಾಗಿತ್ತು. ಅವರು ಅದನ್ನು ಇಂದಿನ ತನಕ ನನ್ನೆದುರು ಆಡಿಲ್ಲ. ಸಂಘವೆಂದರೆ ಅಂಥ ಭಟ್ಟರ ಕೈ ನೂರಾಗುವುದು ಎಂದೇ ನಾನು ತಿಳಿದಿದ್ದೇನೆ.

ಆದುದರಿಂದ ಪ್ರತಿ ಹೋಟೆಲಿನಲ್ಲೂ ಪ್ರತಿ ಖಾತೆಯಲ್ಲೂ ಒಬ್ಬ ಸದಸ್ಯನು ಜೊತೆಗೆ ಹೋಗುವ ಕೆಲಸವನ್ನು ವಹಿಸಿಕೊಳ್ಳಲಿ. ಮಾಲಿಕರು ದವಾಖಾನೆಗೆ ಹೋದ ದಿನವನ್ನು ಗೈರುಹಾಜರಿ ಎಂದು ಬರೆಯುವುದನ್ನು ಬಿಡಲಿ. ಮತ್ತು ಈ ಸಾಲುಗಳನ್ನು ಓದುತ್ತ ಗಲ್ಲದ ಕೆಳಗೋ ಕಂಕುಳಿಗೋ ಕೈ ಹೋಗಿರುವ ಬಂಧುವೇ, ಕೈ ತೆಗೆ. ಇವತ್ತಿನ ತಾರೀಖು ಬರೆದಿಡು. ಬರುವ ರಜೆಯ ದಿನ ಬೆಳಿಗ್ಗೆ ಎಂಟಕ್ಕೆ ಸಂಘದ ಕಚೇರಿಗೆ ಬಾ. ಚಹಾ ಕುಡಿದು ಇಬ್ಬರೂ ಕೂಡಿಯೇ ಹೋಗೋಣ. ಸಕ್ಕರೆ ಮಾತ್ರ ಕಡಿಮೆ.